ಸೊಸೆಯ ಇರುವೆ

"ಏನೂ ಆಗಲ್ಲ ಅತ್ತೆ, ಇರುವೆ ಕಚ್ಚಿದ ಹಾಗೆ ಅಷ್ಟೇ."

ಈ ಮಾತನ್ನು ನನ್ನ ಸೊಸೆ ನನಗೆ ಹೇಳಿದ್ದು ಎರಡು ವರ್ಷದ ಹಿಂದೆ, ನಾನು ಆಸ್ಪತ್ರೆಯ ಮೇಜಿನ ಮೇಲೆ ಬೋರಲಾಗಿ ಮಲಗಿದ್ದಾಗ. ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತ ಅರ್ಧ ಆಯುಷ್ಯವನ್ನು ಯಂತ್ರದ ಮುಂದೆ ಬಗ್ಗಿಯೇ ಕಳೆದವಳು ನಾನು. ಸೂಜಿ ನನಗೇನು ಹೊಸದಲ್ಲ. ಆದರೆ ಸೊಂಟದ ಡಿಸ್ಕ್ ಜಾರಿ, ಕಾಲಿಗೆ ಹೋಗುವ ನರ ಅದರಡಿ ಸಿಕ್ಕಿಕೊಂಡು, ಆ ನರದ ಬುಡಕ್ಕೇ ಸೂಜಿ ಹಾಕುತ್ತಾರೆಂದರೆ ಅದು ಬೇರೆಯೇ ಬಾಬತ್ತು. ಇರುವೆಯಂತೆ ಇರುವೆ! ಯಾವ ಕಾಡಿನ ಇರುವೆ ಅದು? ಅವತ್ತಿನಿಂದ ಇವತ್ತಿನವರೆಗೂ ಆ ಇರುವೆಯ ವಿಷಯದಲ್ಲಿ ನಾನು ಅವಳನ್ನು ಬಿಟ್ಟಿಲ್ಲ. ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಇರುವೆ ಹತ್ತಿದರೆ ಸಾಕು, "ಬಾರೇ, ನಿನ್ನ ನೆಂಟರು ಬಂದಿದಾರೆ" ಎಂದು ಕೂಗುತ್ತೇನೆ.

ಸೊಸೆಯ ಕೆಲಸವೇ ಅಂಥದ್ದು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಕೋಣೆ. ಕಿಟಕಿಯಿಲ್ಲ, ಬಾಗಿಲ ಮೇಲೊಂದು ಕೆಂಪು ದೀಪ, ಒಳಗೆ ಸದಾ ಚಳಿ. ನಡುವೆ ಕಿರಿದಾದ ಮೇಜು, ಅದನ್ನು ಬಳಸಿಕೊಂಡು ಬಾಗಿದ ತೋಳಿನ ಎಕ್ಸ್‌ರೇ ಯಂತ್ರ, ಪಕ್ಕದಲ್ಲಿ ಪರದೆ. ರೋಗಿ ಹೊಟ್ಟೆಯ ಕೆಳಗೆ ದಿಂಬಿಟ್ಟುಕೊಂಡು ಮಲಗಬೇಕು. ಡಾಕ್ಟರು ಪರದೆಯಲ್ಲಿ ಮೂಳೆಯ ಸಂದು ನೋಡಿಕೊಂಡು, ಸೂಜಿಯನ್ನು ನಿಧಾನವಾಗಿ ನರದ ಹತ್ತಿರ ಒಯ್ದು, ಮರಗಟ್ಟಿಸುವ ಮದ್ದನ್ನೂ ಊತ ಇಳಿಸುವ ಮದ್ದನ್ನೂ ಬಿಡುತ್ತಾರೆ. ಯಂತ್ರವನ್ನು ಅವರು ಹೇಳಿದ ಕಡೆಗೆ ತಿರುಗಿಸಿ ಚಿತ್ರ ತೋರಿಸುವುದು ಸೊಸೆಯ ಕೆಲಸ. ಸಂಬಳ ಅದಕ್ಕೆ.

ಸಂಬಳವಿಲ್ಲದ ಇನ್ನೊಂದು ಕೆಲಸವನ್ನು ಅವಳೇ ಸೇರಿಸಿಕೊಂಡಿದ್ದಾಳೆ. ಒಂದು ಕೈ ಯಂತ್ರಕ್ಕೆ, ಇನ್ನೊಂದು ಕೈ ರೋಗಿಗೆ. ಸೂಜಿ ನರದ ಹತ್ತಿರ ಹೋದಾಗ ಕಾಲಿನುದ್ದಕ್ಕೂ ಝಳ್ಳೆನ್ನುತ್ತದೆ. ಡಾಕ್ಟರು ಆಗ ಕೇಳುತ್ತಾರೆ, ದಿನಾ ಕಾಡುವ ನೋವು ಇದೇನಾ, ಬೇರೆಯಾ ಎಂದು. ಇದೇ ಎಂದರೆ ಮದ್ದು ಬಿಡುತ್ತಾರೆ, ಬೇರೆ ಎಂದರೆ ಸೂಜಿಯ ಜಾಗ ಬದಲಿಸುತ್ತಾರೆ. ಆದರೆ ಹೆದರಿ ಬೋರಲು ಬಿದ್ದವರ ಬಾಯಲ್ಲಿ ನೆಟ್ಟಗೆ ಮಾತು ಹೊರಡುತ್ತದೆಯೇ? ಕೆಲವರು ಅಮ್ಮಾ ಅನ್ನುತ್ತಾರೆ, ಕೆಲವರು ಡಾಕ್ಟರಿಗೆ ಬೇಜಾರಾಗಬಾರದೆಂದು ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಅದಕ್ಕೇ ಸೊಸೆ ಮೊದಲೇ ಕಿವಿಯಲ್ಲಿ ಹೇಳಿರುತ್ತಾಳೆ: "ಬಾಯಲ್ಲಿ ಏನಾದ್ರೂ ಅನ್ನಿ. ನಿಮ್ಮದೇ ನೋವು ಬಂದಾಗ ಮಾತ್ರ ನನ್ನ ಕೈ ಒತ್ತಿ." ಕೈ ಒತ್ತಿದಾಗ ಅವಳು ತಲೆಯಾಡಿಸುತ್ತಾಳೆ. ಡಾಕ್ಟರು ರೋಗಿಯ ಬಾಯಿಗಿಂತ ಅವಳ ತಲೆಯನ್ನೇ ಹೆಚ್ಚು ನಂಬುತ್ತಾರೆ.

ನಾನಂತೂ ಒತ್ತಿದ್ದೇ ಒತ್ತಿದ್ದು. ಅವಳ ಅಂಗೈಯಲ್ಲಿ ನನ್ನ ಉಗುರಿನ ಗುರುತು ವಾರಗಟ್ಟಲೆ ಉಳಿದಿತ್ತು. ಅತ್ತೆ ಸೊಸೆಗೆ ಮಾಡಿದ ಗಾಯವನ್ನು ಇಡೀ ಆಸ್ಪತ್ರೆ ಬಂದು ನೋಡಿಕೊಂಡು ಹೋಯಿತಂತೆ. ಹೋಗಲಿ, ಕಾಲು ನೋವು ಮಾತ್ರ ಇಳಿಯಿತು. ಈಗ ಮಾರುಕಟ್ಟೆಗೆ ನಾನೇ ನಡೆದು ಹೋಗಿ ಚೌಕಾಸಿ ಮಾಡಿ ಬರುತ್ತೇನೆ.

ಈಗ ಅವಳ ಸರದಿಗೆ ಬರೋಣ.

ಆ ಕೋಣೆಯಲ್ಲಿ ಎಕ್ಸ್‌ರೇ ಬೀಳದ ಹಾಗೆ ಸೀಸದ ಏಪ್ರನ್ ಹಾಕಿಕೊಳ್ಳಬೇಕು. ಒಮ್ಮೆ ಅವಳು ಅದನ್ನು ಮನೆಗೆ ತಂದಿದ್ದಳು, ಕಿತ್ತುಹೋದ ಪಟ್ಟಿಗೆ ಹೊಲಿಗೆ ಹಾಕಿಸಲು. ಎತ್ತಿ ನೋಡಿದೆ. ನನ್ನ ಜೀವ ಬಾಯಿಗೆ ಬಂತು. ಒದ್ದೆ ಕಂಬಳಿಯಷ್ಟು ಭಾರ, ಆ ಭಾರವೆಲ್ಲ ಎರಡು ಭುಜದ ಮೇಲೆ! "ಇದನ್ನ ಕತ್ತರಿಸಿದ ಟೈಲರ್ ನನ್ನ ಕೈಗೆ ಸಿಗಲಿ, ಕಿವಿ ಹಿಂಡಿ ಕಳಿಸ್ತೀನಿ" ಅಂದೆ. ಅವಳು ನಕ್ಕಳು. ಅದನ್ನು ತೊಟ್ಟುಕೊಂಡು ಮದುವೆಯಾದಾಗಿನಿಂದ ದಿನವಿಡೀ ನಿಂತು, ಬಗ್ಗಿ, ಮೇಜಿನಿಂದ ಮಂಚಕ್ಕೆ ರೋಗಿಗಳನ್ನು ಸರಿಸುತ್ತಿದ್ದಳು. ಅವಳ ಸೊಂಟ ಇಷ್ಟು ದಿನ ಸುಮ್ಮನಿದ್ದುದೇ ಹೆಚ್ಚು.

ನೋವು ಯಾವಾಗ ಶುರುವಾಯಿತೋ ನಮಗೆ ಗೊತ್ತಿಲ್ಲ. ಯಾಕೆಂದರೆ ಇವಳಿಗೆ ಗೊತ್ತಿರುವುದು ಒಂದೇ ಉತ್ತರ, "ಏನೂ ಇಲ್ಲ ಅತ್ತೆ." ಹೆರಿಗೆ ನೋವು ಬಂದಾಗಲೂ ಪಾತ್ರೆ ತೊಳೆದಿಟ್ಟು, ಒಲೆ ಒರೆಸಿ, ಆಮೇಲೆ "ಹೋಗೋಣ್ವಾ?" ಅಂದವಳು. ಕೊನೆಗೆ ಒಂದು ಭಾನುವಾರ ಚಮಚ ಬಿತ್ತೆಂದು ಬಗ್ಗಿದವಳು ಮೇಲೇಳಲಿಲ್ಲ. ಅಡುಗೆಮನೆಯ ನೆಲದ ಮೇಲೆ ಎರಡು ಕೈ, ಎರಡು ಮೊಣಕಾಲೂರಿ ಹಾಗೇ ನಿಂತುಬಿಟ್ಟಳು. ಮೊಮ್ಮಗಳು ಅಮ್ಮ ಕುದುರೆಯಾಟಕ್ಕೆ ಬಂದಳೆಂದು ಹಿಗ್ಗಿ ಬೆನ್ನು ಹತ್ತಿ ಕೂತಳು. ಆಗಲೂ ಇವಳು ಕಿರುಚಬಾರದೇ? "ಇಳಿ ಪುಟ್ಟಿ, ಅಮ್ಮಂಗೆ ಸ್ವಲ್ಪ ಕೆಲಸ ಇದೆ" ಅಂದಳು. ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

ಸ್ಕ್ಯಾನ್ ಮಾಡಿಸಿದಾಗ ಕೆಳಗಿನ ಎರಡು ಡಿಸ್ಕುಗಳೂ ಉಬ್ಬಿ ಕಾಲಿಗೆ ಹೋಗುವ ನರಗಳನ್ನು ಒತ್ತುತ್ತಿದ್ದವು. ಮೇಲಿನದು ಚಿತ್ರದಲ್ಲಿ ದೊಡ್ಡದಾಗಿ ಕಾಣುತ್ತಿತ್ತು, ಕೆಳಗಿನದು ಚಿಕ್ಕದಾಗಿ. ಡಾಕ್ಟರು ಅವಳದೇ ಕೋಣೆಯ ಡಾಕ್ಟರು. ಗುಂಡಗಿನ ಮನುಷ್ಯ, ಸಿಟ್ಟೇ ಬಾರದವರು. ನನ್ನನ್ನೂ ಕೂರಿಸಿಕೊಂಡು ಹೇಳಿದರು, "ಅಮ್ಮಾ, ಮೊದಲು ನರಕ್ಕೆ ಇಂಜೆಕ್ಷನ್ ಕೊಟ್ಟು ನೋಡೋಣ. ಅದರಲ್ಲೇ ಇಳಿದ್ರೆ ಒಳ್ಳೇದು. ಇಳೀದಿದ್ರೆ ಆಪರೇಷನ್ ಬಗ್ಗೆ ಯೋಚಿಸ್ಬೇಕಾಗುತ್ತೆ."

ಆಪರೇಷನ್‌ಗಿಂತ ದೊಡ್ಡ ಸುದ್ದಿ ಮೇಲಧಿಕಾರಿಗಳದು. ಕಾಲು ನೋವು ಇಳಿಯದಿದ್ದರೆ ಏಪ್ರನ್ ಹಾಕುವ ಹಾಗಿಲ್ಲ. ಮುಂದಿನ ತಿಂಗಳಿಂದ ಅವಳನ್ನು ಮಹಡಿ ಮೇಲಿನ ಚೀಟಿ ಕೊಡುವ ಕೌಂಟರಿಗೆ ಹಾಕುತ್ತಾರಂತೆ, ಕಾಯಮ್ಮಾಗಿ. ಗಾಜಿನ ಹಿಂದೆ ಕೂತು, ಸಣ್ಣ ತೂತಿನಲ್ಲಿ ಹೆಸರು ಕೇಳಿ, ಚೀಟಿ ತಳ್ಳುವ ಕೆಲಸ. "ಆರಾಮ ಅಲ್ವಾ?" ಅಂದ ನನ್ನ ಮಗ. ಸೊಸೆ "ಹೌದು, ಆರಾಮ" ಅಂದಳು. ಅಂದು ಸಂಜೆ ಒಗೆದ ಬಟ್ಟೆ ಮಡಚುತ್ತ ಒಂದೇ ಅಂಗಿಯನ್ನು ಮೂರು ಸಲ ಬಿಚ್ಚಿ ಮಡಚಿದಳು. ಆ ಚಳಿಕೋಣೆ ಅವಳಿಗೆ ಎಷ್ಟು ಇಷ್ಟವೆಂದು ನನಗೆ ಗೊತ್ತು. ಗಾಜಿನ ಹಿಂದೆ ಕೂತರೆ ಯಾರ ಕೈ ಹಿಡಿಯುತ್ತಾಳೆ?

ಇಂಜೆಕ್ಷನ್ ದಿನ ಜೊತೆಗೆ ಒಬ್ಬರು ಬೇಕು, ಆಮೇಲೆ ಕಾಲು ಭಾರವಾಗಿರುತ್ತದೆ. ಮಗ ಲಾರಿ ಮೆಕ್ಯಾನಿಕ್. ಎಂಜಿನ್ ಬಿಚ್ಚಿ ಹರಡುತ್ತಾನೆ, ಸೂಜಿ ಕಂಡರೆ ಮಾತ್ರ ದೊಪ್ಪನೆ ಬೀಳುತ್ತಾನೆ. ಮಗಳಿಗೆ ಲಸಿಕೆ ಹಾಕಿಸಲು ಹೋಗಿ ತಾನೇ ಮಂಚದ ಮೇಲೆ ಮಲಗಿ ಬಂದ ಧೀರ. "ಅಮ್ಮ, ನೀನೇ ಹೋಗ್ಬಾ" ಅಂದ. ನನಗೂ ಬೇಕಿದ್ದುದು ಅದೇ. ಸೊಸೆ ಮೇಜು ಹತ್ತುವ ಹೊತ್ತಿಗೆ ಅವಳ ಕಿವಿಯಲ್ಲಿ "ಇರುವೆ ಕಚ್ಚಿದ ಹಾಗೆ ಅಷ್ಟೇ ಕಣೇ" ಅನ್ನಬೇಕೆಂದು ಎರಡು ವರ್ಷದಿಂದ ಕಾಯುತ್ತಿದ್ದೆ.

ಅಂದೂಬಿಟ್ಟೆ. ಅವಳು ನಕ್ಕಳು. ನನ್ನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದರು, ಕೆಂಪು ದೀಪ ಹತ್ತಿತು.

ಅವಳ ಜಾಗಕ್ಕೆ ಯಂತ್ರ ನಡೆಸಲು ಮೇಲಿನಿಂದ ಒಬ್ಬರನ್ನು ಕಳಿಸಿದ್ದರು. ಜೀವಮಾನವೆಲ್ಲ ಎದೆಯ ಎಕ್ಸ್‌ರೇ ತೆಗೆದವರು. ಬಾಯಿ ಬಿಟ್ಟರೆ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ." ಇಷ್ಟೇ. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಉಸಿರಪ್ಪ ಎಂದೇ ಕರೆಯುತ್ತಾರೆ. ಬೆನ್ನಿಗೂ ಉಸಿರಿಗೂ ಏನು ಸಂಬಂಧ? ಆದರೂ ಬಾಗಿಲ ಹಿಂದಿನಿಂದ ಅವರ ದನಿ ಕೇಳುತ್ತಲೇ ಇತ್ತು, "ಎಳ್ಕೊಳ್ಳಿ… ಹಿಡ್ಕೊಳ್ಳಿ…" ಹೊರಗೆ ಬೆಂಚಿನ ಮೇಲೆ ಕೂತಿದ್ದ ನಾವೆಲ್ಲ ಗೊತ್ತಿಲ್ಲದೆಯೇ ಉಸಿರು ಹಿಡಿದು ಕೂತಿದ್ದೆವು. ಅವರು "ಬಿಡಿ" ಅನ್ನುವುದನ್ನು ಮರೆತಿದ್ದರೆ ಅವತ್ತು ಬೆಂಚಿಗೆ ಬೆಂಚೇ ಖಾಲಿಯಾಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಗಾಲಿಮಂಚದ ಮೇಲೆ ಸೊಸೆ ಬಂದಳು. ಮುಖದ ತುಂಬ ನಗು.

"ಆಯ್ತಾ? ಕೈ ಯಾರು ಹಿಡ್ಕೊಂಡಿದ್ರು?" ಅಂದೆ.

"ಕೈ ಯಾಕೆ ಅತ್ತೆ? ನನಗೆ ಎಲ್ಲ ಗೊತ್ತಲ್ಲ."

ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಡಾಕ್ಟರು ಹೇಳಿದ್ದರು, ಮರಗಟ್ಟಿಸುವ ಮದ್ದು ಅವತ್ತೇ ಇಳಿದುಹೋಗುತ್ತದೆ, ಆಮೇಲೆ ನೋವು ಒಮ್ಮೆ ತಲೆಯೆತ್ತಬಹುದು, ಹೆದರಬೇಡಿ, ಇನ್ನೊಂದು ಮದ್ದು ಕೆಲಸ ಶುರು ಮಾಡಲು ಕೆಲವು ದಿನ ಬೇಕು ಎಂದು. ಕೆಲವು ದಿನ ಕಾದೆವು. ಇನ್ನೂ ಕೆಲವು ದಿನ ಕಾದೆವು. ಸೊಸೆಯನ್ನು ಕೇಳಿದರೆ "ಪರವಾಗಿಲ್ಲ, ಕಡಿಮೆ ಆಗ್ತಿದೆ" ಅನ್ನುವಳು. ನಾನೇನು ಕಣ್ಣು ಮುಚ್ಚಿಕೊಂಡಿದ್ದೆನೇ? ತರಕಾರಿ ಹೆಚ್ಚುವಾಗ ಒಂಟಿಕಾಲಿನಲ್ಲಿ ನಿಲ್ಲುತ್ತಾಳೆ. ಚಪ್ಪಲಿ ಹಾಕುವಾಗ ಗೋಡೆ ಹಿಡಿಯುತ್ತಾಳೆ. ಮಗು "ಎತ್ಕೋ" ಅಂದರೆ "ಬಾ, ಕೂತ್ಕೊಂಡು ಕತೆ ಹೇಳ್ತೀನಿ" ಎಂದು ಮಾತು ಮರೆಸುತ್ತಾಳೆ. ಒಂದು ಬೆಳಿಗ್ಗೆ ಹೊಸ ಸೀರೆ ತೆಗೆದು ಇಸ್ತ್ರಿ ಮಾಡುತ್ತಿದ್ದಳು.

"ಏನೇ ಇದು, ಎಲ್ಲಿಗೆ?"

"ಕೌಂಟರಿಗೆ ಯೂನಿಫಾರ್ಮ್ ಇಲ್ವಂತೆ ಅತ್ತೆ. ಮುಂದಿನ ವಾರದಿಂದ ಸೇರ್ಕೊಳ್ತೀನಿ ಅಂತ ಹೇಳ್ಬಿಟ್ಟೆ."

"ಯಾರನ್ನ ಕೇಳಿ ಹೇಳಿದೆ? ಡಾಕ್ಟರ ಹತ್ರ ಇನ್ನೊಂದ್ಸಲ ಹೋಗೋದಿಲ್ವಾ?"

"ಬೇಡ ಅತ್ತೆ. ಅವರು ಸರಿಯಾಗೇ ಹಾಕಿದ್ರು. ನನಗೇ ಹಿಡೀಲಿಲ್ಲ."

ಇಸ್ತ್ರಿಪೆಟ್ಟಿಗೆ ಅವಳ ಕೈಯಿಂದ ಕಿತ್ತುಕೊಂಡು ಆರಿಸಿದೆ. "ಕೂತ್ಕೋ" ಅಂದೆ. "ಕೂತ್ರೆ ಜಾಸ್ತಿ…" ಅಂದವಳು ನಾಲಿಗೆ ಕಚ್ಚಿಕೊಂಡಳು. ಸಿಕ್ಕಿಬಿದ್ದಳಲ್ಲ! "ಹಾಗಾದ್ರೆ ನಿಂತ್ಕೊಂಡೇ ಬೊಗಳು. ಆ ಕೋಣೆಯೊಳಗೆ ಅವತ್ತು ಏನಾಯ್ತು?"

ಸೀರೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ, ಕೊನೆಗೆ ಹೇಳಿದಳು.

ಅವಳ ದಿನನಿತ್ಯದ ನೋವು ಇಳಿಯುವುದು ಹಿಮ್ಮಡಿಗೆ, ಅಲ್ಲಿಂದ ಕಿರುಬೆರಳಿಗೆ. ಆದರೆ ಸ್ಕ್ಯಾನಿನಲ್ಲಿ ಮೇಲಿನ ಡಿಸ್ಕೇ ದೊಡ್ಡದಾಗಿ ಕಂಡಿತ್ತಲ್ಲ, ಆ ನರ ಹೋಗುವುದು ಹೆಬ್ಬೆರಳಿಗೆ. ಡಾಕ್ಟರು ಮೊದಲು ಅದನ್ನೇ ಹಿಡಿದರು. ಸೂಜಿ ತಾಕಿದಾಗ ಹೆಬ್ಬೆರಳಿನ ಕಡೆ ಝಳ್ಳೆಂದಿತು. "ಇದೇನಾ ನಿಮ್ಮ ನೋವು?" ಎಂದು ಡಾಕ್ಟರು ಕೇಳಿದರು. ಇವಳು "ಹೌದು ಸರ್, ಇದೇ" ಅಂದುಬಿಟ್ಟಳು.

"ಯಾಕೇ?" ಅಂದೆ. ನಿಜವಾಗಿಯೂ ನನಗೆ ಅರ್ಥವಾಗಲಿಲ್ಲ.

"ಹೊರಗೆ ಪೇಷಂಟುಗಳು ಕಾಯ್ತಿದ್ರು ಅತ್ತೆ. ಉಸಿರಪ್ಪನವರಿಗೆ ಯಂತ್ರ ತಿರುಗಿಸೋಕೆ ಬರ್ತಿರಲಿಲ್ಲ, ಸರ್ ಪಾಪ ನಿಂತು ನಿಂತು ಸುಸ್ತಾಗಿದ್ರು. ಆ ಪ್ರಶ್ನೆ ನಾನು ದಿನಾ ಕೇಳಿಸ್ಕೊಳ್ತೀನಿ. ಹೌದು ಅಂದ್ರೆ ಸರ್ ಮುಖ ಅರಳುತ್ತೆ, ಕೆಲಸ ಮುಗಿಯುತ್ತೆ. ಯಾರಾದ್ರೂ ಕೇಳಿದ್ ತಕ್ಷಣ ನನ್ನ ಬಾಯಿಗೆ ಹೌದು ಸರ್ ಅಂತಾನೇ ಬರುತ್ತೆ. ನಾನು ಪೇಷಂಟು ಅನ್ನೋದೇ ಮರ್ತುಹೋಯ್ತು." ಆಮೇಲೆ ದನಿ ತಗ್ಗಿಸಿ, "ಸ್ಕ್ಯಾನಲ್ಲಿ ದೊಡ್ಡದಾಗಿ ಕಂಡಿದ್ದೂ ಅದೇ ಅಲ್ವಾ, ನನ್ನ ಕಾಲೇ ತಪ್ಪಿರ್ಬಹುದು ಅಂದ್ಕೊಂಡೆ" ಅಂದಳು.

ಕಾಲೇ ತಪ್ಪಂತೆ! ನನಗೆ ನಗು ಬಂತು, ಹಿಂದೆಯೇ ಸಿಟ್ಟು ಬಂತು, ಆಮೇಲೆ ಎರಡೂ ಸೇರಿ ಕಣ್ಣಲ್ಲಿ ನೀರು ಬಂತು. "ಅಲ್ಲ ಕಣೇ, ಊರಿಗೆಲ್ಲ ಬಾಯಿ ನಂಬ್ಬೇಡಿ, ಕೈ ಒತ್ತಿ ಅಂತ ಪಾಠ ಹೇಳ್ತೀಯ. ನಿನ್ನ ಸರದಿ ಬಂದಾಗ ಡಾಕ್ಟರಿಗೆ ಬೇಜಾರಾಗುತ್ತೆ ಅಂತ ಬೇರೆ ನರಕ್ಕೆ ಚುಚ್ಚಿಸ್ಕೊಂಡು ನಗ್ತಾ ಬಂದ್ಯಾ? ಈಗ ಅದಕ್ಕೆ ಆ ಕೋಣೇನೂ ಬಿಟ್ಟುಕೊಡ್ತೀಯಾ?"

"ಸರ್‌ಗೆ ಹೇಗೆ ಹೇಳಲಿ ಅತ್ತೆ? ಅವರ ಮುಂದೆ ಮುಖ ಇಟ್ಕೊಂಡು…"

"ಮುಖ ನಿಂದು ಇಟ್ಕೋ, ಬಾಯಿ ನಂದು ತಗೋ. ಚಪ್ಪಲಿ ಹಾಕ್ಕೋ, ನಡಿ."

ಡಾಕ್ಟರು ಕೇಳಿಸಿಕೊಂಡರು. ಮೊದಲು ಹಣೆ ಚಚ್ಚಿಕೊಂಡರು, ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕರು, ಆಮೇಲೆ ಗಂಭೀರವಾದರು. "ನನ್ನದೂ ತಪ್ಪಿದೆ ಅಮ್ಮಾ. ಬೇರೆಯವರನ್ನಾದ್ರೆ ಬೆರಳು ಯಾವುದು, ಹಿಮ್ಮಡೀನಾ ಅಂತೆಲ್ಲ ಬಿಡಿಸಿ ಕೇಳ್ತಿದ್ದೆ. ಇವರು ನಮ್ಮವರೇ, ಎಲ್ಲ ಗೊತ್ತಿರುತ್ತೆ ಅಂತ ಒಂದೇ ಮಾತಲ್ಲಿ ಕೇಳ್ಬಿಟ್ಟೆ." ಸೊಸೆಯ ಕಡೆ ತಿರುಗಿ, "ಇನ್ನೊಂದ್ಸಲ ಹಾಕೋಣ, ಕೆಳಗಿನ ನರಕ್ಕೆ. ಆದ್ರೆ ನೀವು ಹೇಳೋ ಹೌದು ನನಗೆ ಬೇಡ. ಅದನ್ನ ಹೇಗೆ ನಂಬಲಿ?" ಅಂದರು.

"ಕೈ" ಅಂದೆ ನಾನು. "ಇವಳದೇ ಪದ್ಧತಿ. ಇವಳು ಒತ್ತಲಿ, ತಲೆ ನಾನು ಆಡಿಸ್ತೀನಿ."

"ಅಮ್ಮಾ, ಒಳಗೆ ಬರ್ಬೇಕಂದ್ರೆ ಏಪ್ರನ್ ಹಾಕ್ಬೇಕು. ನಿಮ್ಮ ಸೊಂಟ…"

"ಸ್ಟೂಲ್ ಹಾಕ್ಸಿ, ಕೂತ್ಕೊಳ್ತೀನಿ. ಆ ದರಿದ್ರ ಏಪ್ರನ್ ಬಗ್ಗೆ ನನಗೂ ಸ್ವಲ್ಪ ಮಾತಾಡೋದಿದೆ."

ಡಾಕ್ಟರು ಸೊಸೆಯ ಮುಖ ನೋಡಿದರು. ಸೊಸೆ ನೆಲ ನೋಡುತ್ತ, "ಅತ್ತೆ ಇದ್ರೆ ಒಳ್ಳೇದು ಸರ್" ಅಂದಳು. ಇಷ್ಟು ವರ್ಷದಲ್ಲಿ ಅವಳು ತನಗಾಗಿ ನನ್ನಿಂದ ಏನಾದರೂ ಬೇಕೆಂದು ಬಾಯಿಬಿಟ್ಟಿದ್ದು ಅದೇ ಮೊದಲು. ಹಾಗೆಂದು ನಾನು ತೋರಿಸಿಕೊಳ್ಳಲಿಲ್ಲ, ಒಳಗೊಳಗೇ ಉಬ್ಬಿಹೋದೆ. ಕೌಂಟರಿಗೆ ಸೇರುವುದನ್ನು ಸ್ವಲ್ಪ ಮುಂದಕ್ಕೆ ಹಾಕುವಂತೆ ಡಾಕ್ಟರೇ ಮೇಲೆ ಮಾತಾಡಿದರು. ಇದೂ ಹಿಡಿಯದಿದ್ದರೆ ಮತ್ತೆ ಕೇಳಬೇಡಿ ಎಂದು ಮೇಲಿನವರೂ ಹೇಳಿ ಕಳಿಸಿದರು.

ಆ ದಿನ ಬಂತು. ಏಪ್ರನ್ ಹೆಗಲೇರಿತು. ಸ್ಟೂಲಿನ ಮೇಲೆ ಕೂತಿದ್ದರೂ ನನ್ನನ್ನು ಯಾರೋ ನೆಲಕ್ಕೆ ಒತ್ತುತ್ತಿರುವ ಹಾಗಿತ್ತು. ಕೋಣೆ ಚಳಿ ಚಳಿ. ಸೊಸೆ ಮೇಜಿನ ಮೇಲೆ ಬೋರಲಾಗಿ, ಮುಖ ನನ್ನ ಕಡೆಗೆ. ಸೊಂಟಕ್ಕೆ ತಣ್ಣನೆಯ ಔಷಧ ಬಳಿದಾಗ ಮೈ ಜುಮ್ಮೆಂದು ನಡುಗಿತು. ಅವಳ ಕೈಯನ್ನು ನನ್ನ ಕೈಯೊಳಗೆ ತೆಗೆದುಕೊಂಡೆ. ತಣ್ಣಗಿತ್ತು, ಸೋಪಿನಲ್ಲಿ ತೊಳೆದು ತೊಳೆದು ಒರಟಾಗಿತ್ತು. ಎರಡು ವರ್ಷದ ಹಿಂದೆ ಇದೇ ಕೈಯನ್ನು ನಾನು ಉಗುರಿನಿಂದ ಗೀರಿದ್ದೆ.

"ಹೇಳ್ಲಾ?" ಅಂದೆ.

"ಇರುವೆ ಮಾತು ಬೇಡ ಅತ್ತೆ. ಹೆದರಿಕೆ ಆಗ್ತಿದೆ."

ನನಗೂ ಆಗುತ್ತಿತ್ತು. "ನಾನಿದೀನಲ್ಲೇ" ಅಂದೆ.

"ಉಸಿರು ಎಳ್ಕೊಳ್ಳಿ" ಅಂದರು ಉಸಿರಪ್ಪ.

ಮೊದಲು ಚರ್ಮಕ್ಕೆ ಸಣ್ಣ ಸೂಜಿ. ಸೊಸೆ ಮುಖ ಕಿವುಚಿದಳು, ಕೈ ಒತ್ತಲಿಲ್ಲ. ಡಾಕ್ಟರು ನನ್ನ ಕಡೆ ನೋಡಿದರು, ನಾನು ಇಲ್ಲವೆಂದು ತಲೆಯಾಡಿಸಿದೆ. ಆಮೇಲೆ ಉದ್ದ ಸೂಜಿ. ಪರದೆಯ ಮೇಲೆ ಬೂದು ಬಣ್ಣದ ಮೂಳೆಗಳು, ನಡುವೆ ಕೂದಲಿನಂಥ ಗೆರೆ ಇಳಿಯುತ್ತ ಹೋಯಿತು. ನಾನು ದಾರ ಪೋಣಿಸುವಾಗಿನ ಹಾಗೆ ಬಾಯಿ ಬಿಗಿ ಹಿಡಿದು ನೋಡುತ್ತಿದ್ದೆ. "ಸ್ವಲ್ಪ ಓರೆ ಮಾಡಿ" ಅಂದರು ಡಾಕ್ಟರು. ಉಸಿರಪ್ಪ ಯಂತ್ರವನ್ನು ಕಾಲಿನ ಕಡೆ ತಿರುಗಿಸಿದರು. "ಆ ಕಡೆಗಲ್ಲ ಸರ್, ತಲೆ ಕಡೆಗೆ" ಅಂದಳು ನಮ್ಮ ರೋಗಿ, ಮೇಜಿನ ಮೇಲಿಂದಲೇ.

"ಏಯ್, ಬಾಯಿ ಮುಚ್ಕೊಂಡು ಪೇಷಂಟಾಗಿರು!" ಅಂದೆ. ಡಾಕ್ಟರು ಮುಖಗವಸಿನೊಳಗೆ ನಕ್ಕರು.

ಸೂಜಿ ಇನ್ನಷ್ಟು ಇಳಿಯಿತು. "ಈಗ?" ಅಂದರು.

ಆ ಕ್ಷಣ ನನ್ನ ಬೆರಳುಗಳು ಬಾಗಿಲ ಸಂದಿಗೆ ಸಿಕ್ಕಿದ ಹಾಗಾಯಿತು. ಇಂಥ ಹಿಡಿತ ಇಷ್ಟು ಸಣ್ಣ ಕೈಯಲ್ಲಿ ಎಲ್ಲಿತ್ತೋ! ಅದೇ ಹೊತ್ತಿಗೆ ಅವಳ ಬಾಯಿ ಏನಂದಿತು ಗೊತ್ತೇ?

"ಪರವಾಗಿಲ್ಲ ಸರ್, ನೀವು ಮುಂದುವರಿಸಿ."

"ಅಯ್ಯಯ್ಯೋ! ಡಾಕ್ಟರೇ!" ಅಂತ ನಾನು ಕಿರುಚಿದೆ. "ಅವಳ ಬಾಯಿ ನಂಬ್ಬೇಡಿ, ನನ್ನ ಬೆರಳು ನೋಡಿ! ಬಂತು, ಇದೇ, ಇದೇ, ಅಯ್ಯೋ ನನ್ನ ಬೆರಳು!"

"ಉಸಿರು ಬಿಡಿ" ಅಂದರು ಉಸಿರಪ್ಪ.

"ಯಾರು, ಅವಳಾ?"

"ನೀವು ಅಮ್ಮಾ, ನೀವೇ. ಕೆಂಪಗಾಗ್ತಿದೀರಿ."

ಡಾಕ್ಟರು ಕೈ ನಿಲ್ಲಿಸಿ, ಸೊಸೆಯ ಹತ್ತಿರ ಬಗ್ಗಿ, ಅವಸರವಿಲ್ಲದೆ ಕೇಳಿದರು, "ಹೇಳಿ. ಎಲ್ಲಿ ಬಂತು? ನೀವು ಹೇಳೋವರೆಗೂ ನಾನು ಮದ್ದು ಬಿಡಲ್ಲ."

ಸೊಸೆ ನನ್ನನ್ನು ನೋಡಿದಳು. ಅವಳ ತುಟಿ "ಏನೂ" ಎಂದು ಶುರುಮಾಡಿದ್ದು ನನಗೆ ಕಾಣಿಸಿತು. ನಾನು ಕಣ್ಣು ಬಿಟ್ಟೆ, ಮಕ್ಕಳನ್ನು ಗದರುವಾಗ ಬಿಡುವ ಹಾಗೆ.

"ನೋಯ್ತಿದೆ" ಅಂದಳು. "ಹಿಮ್ಮಡಿ ಸರ್. ಕಿರುಬೆರಳು. ಇದೇ ನಂದು. ತುಂಬಾ ನೋಯ್ತಿದೆ ಸರ್, ತುಂಬಾ ದಿನದಿಂದ ನೋಯ್ತಿದೆ." ಹೇಳುತ್ತ ಹೇಳುತ್ತ ಅಳು ಒತ್ತರಿಸಿ ಬಂತು. ಮಗುವಿನ ಹಾಗೆ ಬಿಕ್ಕಿದಳು. ನಾನು ಇನ್ನೊಂದು ಕೈಯಿಂದ ಅವಳ ಕೂದಲು ಸವರಿದೆ. "ಅಳು ತಾಯಿ, ಅತ್ತುಬಿಡು" ಅಂದೆ. ನನ್ನ ಕಣ್ಣೂ ಸುರಿಯುತ್ತಿತ್ತು, ಒರೆಸಿಕೊಳ್ಳೋಣವೆಂದರೆ ಕೈ ಖಾಲಿಯಿರಲಿಲ್ಲ. ಈ ಹುಡುಗಿ ನಮ್ಮ ಮನೆಗೆ ಬಂದು ಇಷ್ಟು ವರ್ಷವಾಯಿತು, ನೋಯುತ್ತಿದೆ ಎಂಬ ಮಾತನ್ನು ಅವಳ ಬಾಯಿಂದ ಅವತ್ತೇ ಕೇಳಿದ್ದು. ಎಷ್ಟು ನೋವನ್ನು ನುಂಗಿಕೊಂಡು ನಮಗೆಲ್ಲ ಬಡಿಸಿದಳೋ!

ಮದ್ದು ಒಳಗೆ ಹೋಯಿತು. ಹಿಡಿತ ಒಂದೊಂದೇ ಬೆರಳಾಗಿ ಸಡಿಲವಾಯಿತು.

ಅವತ್ತು ಸಂಜೆ ಮರಗಟ್ಟಿದ್ದು ಇಳಿದು ನೋವು ಮತ್ತೆ ತಲೆಯೆತ್ತಿತು. ನಾನು ಅಡುಗೆಮನೆಯಲ್ಲಿದ್ದೆ. "ಅತ್ತೇ" ಎಂದು ಕರೆದಳು. ಓಡಿದೆ. "ನೋಯ್ತಿದೆ ಅತ್ತೆ. ಸ್ವಲ್ಪ ಇಲ್ಲೇ ಕೂತ್ಕೊಳ್ಳಿ." ಮಗ ಗಾಬರಿಯಾಗಿ ಬಾಗಿಲಲ್ಲಿ ನಿಂತಿದ್ದ. ನಾನು ಅವನಿಗೆ, "ಒಲೆ ಆರಿಸು, ಮಗೂಗೆ ಊಟ ಹಾಕು, ಇವತ್ತು ಪಾತ್ರೆ ನಿಂದೇ" ಎಂದು ಹೇಳಿ, ದಿಂಬು ಸರಿಮಾಡಿ ಅವಳ ಪಕ್ಕ ಕೂತುಬಿಟ್ಟೆ. ಅವಳು ಬೇಡ ಅನ್ನಲಿಲ್ಲ.

ಅದೇ ವಾರದಲ್ಲಿ ಒಂದು ಬೆಳಿಗ್ಗೆ ನಾನು ಎದ್ದು ಬರುವಾಗ ಅಡುಗೆಮನೆಯಲ್ಲಿ ಸೊಸೆ ಎರಡೂ ಕಾಲ ಮೇಲೆ ನಿಂತು ಹಾಡು ಗುನುಗುತ್ತಿದ್ದಳು. ಸ್ವರ ಒಂದೂ ನೆಟ್ಟಗಿರಲಿಲ್ಲ. ಇಷ್ಟು ಒಳ್ಳೆಯ ಸಂಗೀತ ನಾನು ಕೇಳಿಯೇ ಇಲ್ಲ. "ಕಿರುಬೆರಳು?" ಅಂದೆ. "ಇದೆಯೋ ಇಲ್ವೋ ಗೊತ್ತೇ ಆಗ್ತಿಲ್ಲ ಅತ್ತೆ" ಅಂದಳು. ಡಾಕ್ಟರು ವ್ಯಾಯಾಮ ಹೇಳಿಕೊಟ್ಟರು, ಭಾರ ಎತ್ತಬಾರದೆಂದು ತಾಕೀತು ಮಾಡಿದರು, ಆಪರೇಷನ್ ಮಾತನ್ನು ಸದ್ಯಕ್ಕೆ ಕೈಬಿಟ್ಟರು. ಕೌಂಟರಿನ ಗಾಜಿನ ಹಿಂದೆ ಉಸಿರಪ್ಪನವರು ಹೋಗಿ ಕೂತರು. ಚೀಟಿ ತೆಗೆದುಕೊಳ್ಳಲು ಬಂದವರಿಗೂ ಉಸಿರು ಎಳ್ಕೊಳ್ಳಿ ಅನ್ನುತ್ತಾರಂತೆ. ಆಸ್ಪತ್ರೆಯವರು ಸೊಸೆಗೆ ಲಂಗ ರವಿಕೆಯ ಹಾಗೆ ಎರಡು ಭಾಗದ, ಹಗುರವಾದ ಏಪ್ರನ್ ತರಿಸಿದರು. ಭಾರ ಈಗ ಸೊಂಟಪಟ್ಟಿಯ ಮೇಲೂ ಹಂಚಿಹೋಗುತ್ತದೆ. ಹೊಲಿಗೆ ನೋಡಿದೆ, ಪರವಾಗಿಲ್ಲ.

ಕೋಣೆಗೆ ವಾಪಸಾದ ಮೊದಲ ದಿನ ಅವಳು ಸಂಜೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

"ಅತ್ತೆ, ಇವತ್ತಿಂದ ಇರುವೆ ಬಿಟ್ಟೆ."

"ಮತ್ತೆ ಏನಂದೆ?"

"ನೋಯುತ್ತೆ, ಚೆನ್ನಾಗೇ ನೋಯುತ್ತೆ, ಸ್ವಲ್ಪ ಹೊತ್ತು ಅಷ್ಟೇ ಅಂದೆ. ಎಂಥಾ ದೊಡ್ಡ ಆಳು ಅತ್ತೆ, ಎದ್ದು ಕೂತ್ಕೊಂಡು ನಾನು ಮನೆಗೆ ಹೋಗ್ತೀನಿ ಅಂದ್ಬಿಟ್ರು."

"ಹೋದ್ರಾ?"

"ಇಲ್ಲ. ನನ್ನನ್ನೂ ಇದೇ ಮೇಜಿನ ಮೇಲೆ ಮಲಗ್ಸಿದ್ರು, ನಾನು ಅತ್ತುಬಿಟ್ಟೆ, ನಮ್ಮ ಅತ್ತೆ ಕೈ ಹಿಡ್ಕೊಂಡಿದ್ರು ಅಂದೆ. ಮಲಗಿದ್ರು. ಆಮೇಲೆ ನಿಧಾನಕ್ಕೆ ಕೇಳಿದ್ರು, ನಿಮ್ಮ ಅತ್ತೆ ಇವತ್ತು ಬರಲ್ವಾ ಅಂತ."

ನಕ್ಕೂ ನಕ್ಕೂ ನನಗೆ ಕೆಮ್ಮು ಬಂತು. ಅವಳು ನೀರಿನ ಲೋಟ ಕೊಟ್ಟಳು. ನಾನು ಎಡಗೈಯಲ್ಲಿ ತೆಗೆದುಕೊಂಡೆ.

"ಬಲಗೈಗೆ ಏನಾಯ್ತು ಅತ್ತೆ?"

"ಏನೂ ಇಲ್ಲ ಕಣೇ."

ಅವಳು ಎದುರು ಕೂತಳು. ಆರಾಮಾಗಿ ಕೂತಳು. ನನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳು ಮಡಚಿ ನೋಡುತ್ತ ಬಂದಳು. ಹೆಬ್ಬೆರಳಾಯಿತು, ತೋರುಬೆರಳಾಯಿತು. ನಡುಬೆರಳನ್ನು ಹಿಡಿದು ಮೆಲ್ಲಗೆ ಒತ್ತಿದಳು.

"ಇಲ್ಲೇನಾ?"

"ಏನೂ ಇಲ್ಲ ಅಂದ್ನಲ್ಲ."

"ಅತ್ತೆ."

"ಅಯ್ಯೋ, ಹೌದು ಕಣೇ, ಅಲ್ಲೇ! ನೀನು ಹಿಚುಕಿದ ದಿನದಿಂದ ನೋಯುತ್ತೆ! ಬಿಡೇ ಮಹರಾಯ್ತಿ!"

ಅವಳು ಬಿಡಲಿಲ್ಲ. ಆ ಕೈಯನ್ನು ಹಾಗೇ ಹಿಡಿದುಕೊಂಡು, ಬಿಸಿನೀರು ತರಲು ಮಗನನ್ನು ಕೂಗಿದಳು.